ಮೇಷ್ಟ್ರಮ್ಮನ ಮೂಲೆ: ಮೂರು ದೂರು, ಎರಡು ಕರಟ

ಪ್ರಶ್ನೆ: ಮೇಡಂ, ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಸೇರಿ ನಾಲ್ಕು ತಿಂಗಳಾಯ್ತು. ನಲಿ-ಕಲಿ ಕೊಠಡಿ, ಅಂದರೆ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಐದು ಗುಂಪಾಗಿ ಕೂತು, ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಒಂದರಿಂದ ಮೂರನೇ ತರಗತಿವರೆಗೆ 26 ಮಕ್ಕಳು, ನಾನೊಬ್ಬಳೇ. ಒಂದು ಗುಂಪಿನ ಹತ್ತಿರ ಕೂತರೆ ಉಳಿದ ನಾಲ್ಕು ಗುಂಪು ಸಂತೆಯಾಗುತ್ತವೆ. ‘ಮಿಸ್, ಒಂದಕ್ಕೆ’, ‘ಮಿಸ್, ಇವ್ನು ಹೊಡ್ದ’, ‘ಮಿಸ್, ನಂದು ಆಯ್ತು’. ಬಿಸಿಯೂಟದ ಹೊತ್ತಿಗೆ ನನ್ನ ಗಂಟಲು ಕಟ್ಟಿರುತ್ತದೆ. ಅಕ್ಷರ ಕಲಿಸುವುದು ಯಾವಾಗ?
– ಹೆಸರು ಬೇಡ, ಚಾಮರಾಜನಗರ ಜಿಲ್ಲೆ

ಉತ್ತರ: ನನ್ನ ಮಗಳ ವಯಸ್ಸಿನವಳಿರಬೇಕು, ನೀನು ಅಂತಲೇ ಬರೆಯುತ್ತೇನೆ. ನಿನ್ನ ಕಾಗದದಲ್ಲೇ ಮದ್ದಿದೆ ಕಣಮ್ಮ. ಮೂರು ದೂರು ಬರೆದಿದ್ದೀಯ. ಮೂರಕ್ಕೂ ಮಕ್ಕಳು ನಿನ್ನ ಹತ್ತಿರ ಬರಲೇಬೇಕಾಗಿದೆ. ಆ ದಾರಿ ತಪ್ಪಿಸು, ಅರ್ಧ ಗದ್ದಲ ಅಲ್ಲಿಗೇ ನಿಲ್ಲುತ್ತದೆ.

ಒಂದಕ್ಕೆ ಹೋಗುವುದಕ್ಕೆ ನಾನು ಬಾಗಿಲ ಪಕ್ಕದ ಮೊಳೆಗೆ ದಾರ ಕಟ್ಟಿದ ಎರಡು ತೆಂಗಿನ ಕರಟ ನೇತುಹಾಕಿದ್ದೆ. ಹೋಗುವವರು ಕರಟ ಕೊರಳಿಗೆ ಹಾಕಿಕೊಂಡು ಹೋಗಬೇಕು, ಬಂದು ಮೊಳೆಗೆ ಸಿಕ್ಕಿಸಬೇಕು. ಮೊಳೆ ಖಾಲಿಯಿದ್ದರೆ ಕಾಯಬೇಕು. ತೀರಾ ಅವಸರವಾದ ಕೂಸಿಗೆ ಕರಟದ ಹಂಗಿಲ್ಲ, ಓಡಲಿ. ನನ್ನನ್ನು ಯಾರೂ ಕೇಳುವಂತಿಲ್ಲ. ಮೊದಲ ಎರಡು ದಿನ ಕರಟ ಹಾಕಿಕೊಳ್ಳುವ ಖುಷಿಗೇ ಎಲ್ಲರಿಗೂ ಒಂದಕ್ಕೆ ಬಂತು! ಮೂರನೇ ದಿನ ಕರಟ ಹಳೆಯದಾಯಿತು.

ಹೊಡೆದಾಟಕ್ಕೆ ನಮ್ಮಲ್ಲಿ ಬಹುಪಾಲು ಕಾರಣ ಮೆಂಡರ್. ಇಡೀ ಕೊಠಡಿಗೆ ಒಂದೇ ಇತ್ತು. ಐದು ಗುಂಪಿಗೂ ಒಂದೊಂದು ಡಬ್ಬ ಮಾಡಿದೆ: ಕೆತ್ತಿಟ್ಟ ಪೆನ್ಸಿಲ್, ಬಳಪದ ಚೂರು, ಒಂದು ಮೆಂಡರ್, ಸ್ಲೇಟು ಒರೆಸುವ ಒದ್ದೆ ಬಟ್ಟೆ. ಬಟ್ಟೆ ಇಲ್ಲದಿದ್ದರೆ ಉಗುಳು ಹಚ್ಚುತ್ತವೆ. ಆಮೇಲೆ ಅದಕ್ಕೂ ಒಂದು ದೂರು.

ಇನ್ನು ‘ನಂದು ಆಯ್ತು’. ತರಗತಿ ಕೈತಪ್ಪುವುದು ಇಲ್ಲೇ. ಕಾರ್ಡು ಮುಗಿಸಿದ ಮಗುವಿಗೆ ಮುಂದೇನು ಅಂತ ಗೊತ್ತಿಲ್ಲದಿದ್ದರೆ ಅದು ಪಕ್ಕದವನ ಜುಟ್ಟು ಹಿಡಿಯುತ್ತದೆ, ತಪ್ಪೇನು? ನಮ್ಮಲ್ಲಿ ನಿಯಮ ಹೀಗಿತ್ತು. ಮುಗಿದರೆ ಮೊದಲು ಪಕ್ಕದವರಿಗೆ ಓದಿ ಹೇಳು. ಆಮೇಲೆ ಗೋಡೆಯ ಕೆಳಗಿನ ಕಪ್ಪುಹಲಗೆಯಲ್ಲಿ ನಿನ್ನ ಮನೆಯೊಳಗೆ (ಪ್ರತಿ ಮಗುವಿಗೂ ಒಂದು ಚೌಕ, ಅದಕ್ಕೆ ಮನೆ ಅಂತಿದ್ದೆವು) ಕಾರ್ಡಿನ ಎರಡು ಪದ ಬರೆ. ಕೊನೆಗೆ ಕಾರ್ಡಿನ ಲೋಗೋ (ಮೇಲಿರುವ ಗುರುತಿನ ಚಿತ್ರ) ನೋಡಿ ಅದರ ಜಾಗಕ್ಕೆ ಇಟ್ಟು, ಕಥೆಪುಸ್ತಕದ ಹಗ್ಗದಿಂದ ಒಂದು ಪುಸ್ತಕ ತಗೋ. ನಾನು ಎದ್ದಾಗ ಗೋಡೆ ನೋಡಿದರೆ ಸಾಕು, ಯಾರಿಗೆ ಬಂತು ಯಾರಿಗೆ ಬರಲಿಲ್ಲ ಅಂತ ಗೊತ್ತಾಗುತ್ತಿತ್ತು.

ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಮಕ್ಕಳಿಗೆ ಬರುವುದಿಲ್ಲ, ಆಡಿಸಬೇಕು. ಜೂನ್‌ನಲ್ಲಿ ಎರಡು ವಾರ ನಾನು ಅಕ್ಷರದ ತಂಟೆಗೇ ಹೋಗುತ್ತಿರಲಿಲ್ಲ. ಕಾರ್ಡು ತರುವುದು, ಇಡುವುದು, ತಟ್ಟೆ ಬದಲಿಸುವುದು, ಅಂದರೆ ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುವುದು, ಇಷ್ಟೇ. ‘ಮೇಡಂ ಪಾಠವೇ ಶುರು ಮಾಡಿಲ್ಲ’ ಅಂತ ಮೇಲಿನವರೊಬ್ಬರು ಡೈರಿಯಲ್ಲಿ ಬರೆದು ಹೋದರು. ಬರೆದುಕೊಳ್ಳಲಿ ಅಂತ ಸುಮ್ಮನಾದೆ. ನಿನಗೆ ಜೂನ್ ಕಳೆದಿದೆ. ದಸರಾ ರಜೆ ಮುಗಿಸಿ ಬಾಗಿಲು ತೆಗೆದ ದಿನವೇ ಜೂನ್ ಅಂದುಕೋ.

ಕೂಗುವ ವಿಷಯ. ನಾನೂ ಮೊದಮೊದಲು ಮೇಜಿಗೆ ಡಸ್ಟರ್ ಬಡಿಯುತ್ತಿದ್ದವಳೇ. ಮೂರನೇ ಬಡಿತಕ್ಕೆ ತಿರುಗಿದರೆ ಸಾಕು ಅಂತ ಮಕ್ಕಳು ಕಲಿತುಬಿಟ್ಟವು! ಆಮೇಲೆ ಒಗಟು ಹಿಡಿದೆ. ನೆಲದ ಮೇಲೆ ಕೂತು, ಹತ್ತಿರದ ಮಗುವಿಗೆ ಮಾತ್ರ ಕೇಳುವಷ್ಟು ಮೆತ್ತಗೆ: ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ.’ ಆ ಮಗು ಪಕ್ಕದವರಿಗೆ ಹೇಳಬೇಕು. ಗುಸುಗುಸು ಕೋಣೆಯನ್ನು ಸುತ್ತಿ ‘ಮಲ್ಲಿಗೆ’ ಅಂತ ಬರುವಷ್ಟರಲ್ಲಿ ಕಾರ್ಡುಗಳು ಕೆಳಗಿಟ್ಟಿರುತ್ತವೆ.

ಹೀಗೆ ಉಳಿಸಿದ ಹೊತ್ತನ್ನು ಶಿಕ್ಷಕರ ಸಂಪೂರ್ಣ ಸಹಾಯದ ಗುಂಪಿಗೆ, ಅಂದರೆ ಐದರಲ್ಲಿ ನೀನೇ ಕೂತು ಕಲಿಸಬೇಕಾದ ಗುಂಪಿಗೆ ಕೊಡು. ಹದಿನೈದು ನಿಮಿಷ, ಐದಾರು ಮಕ್ಕಳು, ಅಲ್ಲಾಡಬೇಡ. ಕಾರ್ಡು ತಾನಾಗಿ ಏನೂ ಕಲಿಸುವುದಿಲ್ಲ. ಕಲಿಕೆಯ ಏಣಿಯ (ಕಾರ್ಡುಗಳನ್ನು ಮೆಟ್ಟಿಲಾಗಿ ಜೋಡಿಸಿದ ಪಟ್ಟಿ) ಮೆಟ್ಟಿಲು ಹತ್ತಿಸಿದ ಲೆಕ್ಕವನ್ನು ಪ್ರಗತಿನೋಟ ಅನ್ನುವ ದಾಖಲೆಯಲ್ಲಿ ತುಂಬುವ ಭರದಲ್ಲಿ ಮಗುವಿನ ಬಾಯಿಂದ ಒಂದು ಪದವನ್ನೂ ಕೇಳದವರನ್ನು ಕಂಡಿದ್ದೇನೆ.

ಪ್ರಶ್ನೆ: ಮಗಳು ಒಂದನೇ ತರಗತಿ. ಅ ಆ ಇ ಈ ಬಿಟ್ಟು ‘ರ ಗ ಸ ದ ಅ’ ಅಂತ ಬರೆಯುತ್ತಾಳೆ. ಇದೆಂಥ ವರ್ಣಮಾಲೆ?
– ಒಬ್ಬ ತಾಯಿ, ಹುಣಸೂರು

ಉತ್ತರ: ವರ್ಣಮಾಲೆ ಎಲ್ಲೂ ಹೋಗಿಲ್ಲ, 49 ಅಕ್ಷರವೂ ಬರುತ್ತವೆ. ನಲಿ-ಕಲಿಯಲ್ಲಿ ಸಾಲು ಮಾತ್ರ ಬೇರೆ. ಈ ಐದೇ ಅಕ್ಷರದಲ್ಲಿ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಅ ಆ ಇ ಈ ಕಲಿತ ಮಗು ಅದರಲ್ಲಿ ಯಾವ ಪದ ಓದೀತು ಹೇಳಿ? ಮುಂದೆ ‘ಜ ವ ಮ ಬ ನ’ ಬಂದ ದಿನ ಮರ, ಜನ, ಬಸವ ಸಿಗುತ್ತವೆ. ನಿಮ್ಮ ಪಕ್ಕದ ಹೆಗ್ಗಡದೇವನಕೋಟೆಯಲ್ಲೇ 1995ರಲ್ಲಿ, ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿಬಂದ ಮೇಷ್ಟ್ರುಗಳು ನಲಿ-ಕಲಿ ಶುರು ಮಾಡಿದ್ದು. ರಾಜ್ಯದ ಎಲ್ಲ ಕಡೆ ಬಂದದ್ದು 2009-10ರಲ್ಲಿ. ಅಜ್ಜಿ ಅ ಆ ಇ ಈ ಹೇಳಿಕೊಟ್ಟರೆ ಬೇಡ ಅನ್ನಬೇಡಿ, ಹಾಡಿನ ಹಾಗೆ ಬರಲಿ.

ಪ್ರಶ್ನೆ: ಎರಡನೇ ತರಗತಿಯ ಮಗ ‘ಮನ’ವನ್ನು ‘ವನ’ ಅಂತಲೇ ಓದುತ್ತಾನೆ. ಕಣ್ಣಿನ ದೋಷವೇ?
– ಮಂಡ್ಯ

ಉತ್ತರ: ಕಣ್ಣು ಒಮ್ಮೆ ತೋರಿಸಿ, ನಷ್ಟವಿಲ್ಲ. ಆದರೆ ವ, ಮ ಎರಡೂ ಅಣ್ಣತಮ್ಮಂದಿರ ಹಾಗಿವೆ. ವ ಮೈಗೆ ಬಲಗಡೆ ಬಾಲ ಸೇರಿದರೆ ಮ. ಬಾಲ ಕೊಂಬಿನ ಹಾಗೇ ಇದೆ ನೋಡಿ. ಅದಕ್ಕೇ ‘ವು’ ಬರೆಯುವಾಗ ಕೊಂಬು ಪಕ್ಕಕ್ಕೆ ಹೋಗದೆ ಕೆಳಕ್ಕೆ ಇಳಿಯುತ್ತದೆ, ಇಲ್ಲದಿದ್ದರೆ ಮ ಆಗಿಬಿಡುತ್ತಿತ್ತು. ಇಂಥ ಜೋಡಿಯನ್ನು ಒಟ್ಟಿಗೆ ಕೂರಿಸಿ ‘ಇದು ಯಾವುದು, ಅದು ಯಾವುದು’ ಅಂತ ಕೇಳಿದಷ್ಟೂ ಗೊಂದಲ ಹೆಚ್ಚು. ತಟ್ಟೆಯಲ್ಲಿ ಒಂದು ಹಿಡಿ ರಾಗಿ ಹರಡಿ, ಒಂದು ವಾರ ಬೆರಳಲ್ಲಿ ವ ಮಾತ್ರ ಬರೆಸಿ: ವನ, ವರ, ಅವನು. ಮ ಮುಂದಿನ ವಾರಕ್ಕೆ ಇರಲಿ. ರಾಗಿ ಚೆಲ್ಲುತ್ತದೆ, ಕೆಳಗೆ ಒಂದು ಚೀಲ ಹಾಸಿಕೊಳ್ಳಿ.