ಕಾಳು ಗಟ್ಟಿ, ಅನ್ನ ಮುದ್ದೆ: ತಪ್ಪು ಅಕ್ಕಿಯದಲ್ಲ

ಸ್ಪ್ಯಾನಿಷ್ ಶೈಲಿಯ ಅನ್ನ-ಕಾಳು ಮಾಡಿದಾಗಲೆಲ್ಲ ಕಾಳು ಬೇಯುವಷ್ಟರಲ್ಲಿ ಅನ್ನ ಮುದ್ದೆಯಾಗುತ್ತದೆ, ಯಾವ ಬಾಸ್ಮತಿ ತರಲಿ ಅಂತ ಕೇಳಿದ್ದೀರಿ. ಯಾವುದೂ ತರಬೇಡಿ. ಸ್ಪೇನಿನ ವಲೆನ್ಸಿಯಾದಲ್ಲಿ ಓದುತ್ತಿದ್ದಾಗ ನನಗೂ ಇದೇ ಆಗಿತ್ತು. ನಾನೂ ಮೊದಲು ಅಕ್ಕಿಗೇ ಬೈದಿದ್ದೆ.

ನಾನಿದ್ದ ಮನೆಯ ಓನರಮ್ಮ ಭಾನುವಾರ ಮಧ್ಯಾಹ್ನ ಪಾಯೆಯ ಅನ್ನುವ ಅಲ್ಲಿನ ಅನ್ನದ ಅಡುಗೆ ಮಾಡುತ್ತಿದ್ದರು. ಪಾಯೆಯ ಅಂದರೆ ಸಿಗಡಿ ಹಾಕಿದ್ದು ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ವಲೆನ್ಸಿಯಾದವರ ಪಾಯೆಯದಲ್ಲಿ ಕೋಳಿ, ಮೊಲ, ಚಪ್ಪಟೆ ಹಸಿರು ಬೀನ್ಸ್, ಜೊತೆಗೆ ಗರ್ರೋಫೋ ಅನ್ನುವ ದೊಡ್ಡ ಬಿಳಿ ಕಾಳು ಇರುತ್ತದೆ. ಅಲ್ಲಿನ ಸೆಂಟ್ರಲ್ ಮಾರ್ಕೆಟ್ಟಿನಲ್ಲಿ ಆ ಕಾಳು ನೋಡಿ ನನಗೆ ಖುಷಿಯೋ ಖುಷಿ. ನಮ್ಮ ಡಬಲ್ ಬೀನ್ಸ್! ಸಸ್ಯದ ಜಾತಿಯೂ ಒಂದೇ. ನಾನು ಮಾಂಸ ತಿನ್ನುವುದಿಲ್ಲ. ಹಾಗಾಗಿ ಬರೀ ಕಾಳು, ತರಕಾರಿ ಹಾಕಿ ಮಾಡುತ್ತೇನೆ ಅಂತ ಹೇಳಿ ಅವರ ಮನೆಯವರನ್ನೆಲ್ಲ ಊಟಕ್ಕೆ ಕರೆದೆ.

ಒಣಕಾಳು ತಂದು ರಾತ್ರಿಯೆಲ್ಲ ನೆನೆಸಿದ್ದೆ. ಆಲಿವ್ ಎಣ್ಣೆಯಲ್ಲಿ ತರಕಾರಿ ಬಾಡಿಸಿ, ತುರಿದ ಟೊಮೆಟೊ ಹಾಕಿ, ಅದು ಗಟ್ಟಿಯಾದ ಮೇಲೆ ನೆನೆದ ಕಾಳನ್ನು ನೇರ ಅದಕ್ಕೇ ಸುರಿದೆ. ಟೊಮೆಟೊದಲ್ಲೇ ಬೆಂದರೆ ರುಚಿ ಹಿಡಿಯುತ್ತದೆ ಅಂತ ನನ್ನ ಲೆಕ್ಕ. ಕೆಲಸ ಕೆಟ್ಟದ್ದು ಅಲ್ಲೇ. ಕಾಳಿನ ಒಳಗೆ ಪೆಕ್ಟಿನ್ ಅನ್ನುವ ಅಂಟು ಇರುತ್ತದೆ. ಅದು ಕರಗಿದರೇ ಕಾಳು ಮೆತ್ತಗಾಗುವುದು. ಹುಳಿ ಇದ್ದ ಕಡೆ ಅದು ಬೇಗ ಕರಗುವುದಿಲ್ಲ. ಸಾಲದ್ದಕ್ಕೆ ವಲೆನ್ಸಿಯಾದ ನಲ್ಲಿ ನೀರು ಗಡಸು. ಗಡಸು ನೀರಿನ ಕ್ಯಾಲ್ಸಿಯಂ ಆ ಅಂಟನ್ನು ಇನ್ನೂ ಬಿಗಿ ಮಾಡುತ್ತದೆ. ಬೋರ್‌ವೆಲ್ ನೀರಿನಲ್ಲಿ ಅಡುಗೆ ಮಾಡುವವರಿಗೆ ಇದು ಗೊತ್ತಿರುತ್ತದೆ. ಹುಣಸೆಹುಳಿ ಬೇಳೆ ಬೆಂದ ಮೇಲೇ ಹಾಕಬೇಕು ಅಂತ ಅಮ್ಮ ಹೇಳುತ್ತಿದ್ದದ್ದೂ ಇದಕ್ಕೇ. ಸಾರು ಮಾಡುವಾಗ ತಪ್ಪದೆ ಪಾಲಿಸುವ ಮಾತು ಪಾಯೆಯ ಮಾಡುವಾಗ ನನಗೆ ಹೊಳೆಯಲೇ ಇಲ್ಲ.

ಮುಕ್ಕಾಲು ಗಂಟೆ ಕುದಿಸಿದರೂ ಕಾಳಿನ ಸಿಪ್ಪೆ ಮಾತ್ರ ಜಾರುತ್ತಿತ್ತು, ಕಚ್ಚಿದರೆ ಒಳಗೆ ಕಟಕ್ ಅನ್ನುತ್ತಿತ್ತು. ಅಷ್ಟರಲ್ಲಿ ಎಲ್ಲರೂ ಬಂದು ಕೂತಿದ್ದರು. ಗಾಬರಿಯಲ್ಲಿ ಅಕ್ಕಿ ಹಾಕಿದೆ. ಅಕ್ಕಿ ಬೆಂದರೂ ಕಾಳು ಬೇಯಲಿಲ್ಲ. ಮತ್ತೆ ನೀರು ಸುರಿದು, ಸೌಟಿನಲ್ಲಿ ತಿರುವಿ, ಇನ್ನಷ್ಟು ಕುದಿಸಿದೆ. ಅನ್ನ ಒಡೆದು ಗಂಜಿಯಾಯಿತು. ದುಬಾರಿ ಕೇಸರಿ ಹಾಕಿದ್ದ ಅಷ್ಟೂ ಅನ್ನವನ್ನು ಚೆಲ್ಲಬೇಕಾಯಿತು. ಓನರಮ್ಮ ಒಂದು ಕಾಳು ಬಾಯಿಗೆ ಹಾಕಿಕೊಂಡು ಹೇಳಿದ್ದು ಇಷ್ಟೇ: ಒಣಕಾಳನ್ನು ಮೊದಲು ಬೇರೆ ಬೇಯಿಸಿಕೊಳ್ಳಬೇಕು.

ನೀವೂ ಹಾಗೇ ಮಾಡಿ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕಾಳನ್ನು ಪೂರ್ತಿ ಬೇಯಿಸಿ. ಡಬಲ್ ಬೀನ್ಸ್ ಆಗಲಿ ರಾಜ್ಮಾ ಆಗಲಿ, ಅರೆಬೆಂದದ್ದು ಹೊಟ್ಟೆಗೂ ಒಳ್ಳೆಯದಲ್ಲ. ವಿಷಲ್ ಎಷ್ಟು ಅಂತಲೂ ಕೇಳಿದ್ದೀರಿ. ಕಾಳು ಬೇಯಿಸಲು ಕುಕ್ಕರ್ ಬಳಸಿ, ಅನ್ನಕ್ಕೆ ಬೇಡವೇ ಬೇಡ. ಅಗಲ ಬಾಣಲೆ ಸಾಕು. ಟೊಮೆಟೊ ಬಾಡಿದ ಮೇಲೆ ಒಂದು ಚಮಚ ಬ್ಯಾಡಗಿ ಪುಡಿ ಹಾಕಿ, ಅದು ಸೀಯುವ ಮೊದಲೇ ಕಾಳು ಬೇಯಿಸಿದ ಬಿಸಿ ನೀರು ಹೊಯ್ಯಿರಿ. ಆ ನೀರು ಚೆಲ್ಲಿದರೆ ಅರ್ಧ ರುಚಿ ಹೋದಂತೆ. ಒಂದು ಲೋಟ ಸೋನಾ ಮಸೂರಿಗೆ ಎರಡೂವರೆ ಲೋಟ ನೀರು. ಉಪ್ಪು, ಕೇಸರಿ ಹಾಕಿ, ಅಕ್ಕಿಯನ್ನು ಒಂದು ಬೆರಳು ದಪ್ಪಕ್ಕೂ ಕಡಿಮೆ ಹರಡಿ, ಬೆಂದ ಕಾಳು ಮೇಲೆ ಉದುರಿಸಿ. ಆಮೇಲೆ ಸೌಟು ಮುಟ್ಟಬೇಡಿ. ತಿರುವಿದಷ್ಟೂ ಗಂಜಿ ಬಿಟ್ಟುಕೊಂಡು ಅಂಟುತ್ತದೆ. ಮೊದಲ ಎಂಟು-ಹತ್ತು ನಿಮಿಷ ದೊಡ್ಡ ಉರಿ, ಉಳಿದಷ್ಟು ಹೊತ್ತು ಸಣ್ಣ ಉರಿ. ಒಟ್ಟು ಹದಿನೆಂಟು ನಿಮಿಷ ಆಗಬಹುದು. ಕೊನೆಗೆ ತಳ ಸ್ವಲ್ಪ ಹಿಡಿಯಲಿ, ಆ ಗರಿಗರಿ ತಳಕ್ಕೆ ಅಲ್ಲಿ ಜಗಳವೇ ಆಗುತ್ತದೆ.

ವಲೆನ್ಸಿಯಾದವರು ಬೊಂಬಾ ಅನ್ನುವ ಗುಂಡು ಅಕ್ಕಿ ಬಳಸುತ್ತಾರೆ. ಅಳತೆಯ ಮೂರರಷ್ಟು ನೀರು ಕುಡಿದರೂ ಅದು ಸುಲಭಕ್ಕೆ ಒಡೆಯುವುದಿಲ್ಲ. ನಮ್ಮ ಹಳೆ ಸೋನಾ ಮಸೂರಿಗೆ ಅಷ್ಟು ತಾಕತ್ತಿಲ್ಲ, ಆದರೂ ಚೆನ್ನಾಗಿಯೇ ಆಗುತ್ತದೆ. ಬಾಸ್ಮತಿಗೆ ತನ್ನದೇ ಘಮ ಜಾಸ್ತಿ, ಈ ಅಡುಗೆಗೆ ಅದು ನನಗೆ ಹಿಡಿಸುವುದಿಲ್ಲ.

ಇನ್ನು ನೀವು ಬರೆದ ರಾಜ್ಮಾ, ಸ್ವೀಟ್ ಕಾರ್ನ್, ಜೀರಿಗೆ ಪುಡಿ ಹಾಕಿದ ಕೆಂಪನ್ನ ಸ್ಪೇನಿನದಲ್ಲ, ಅದು ಮೆಕ್ಸಿಕೊ ಕಡೆಯ ರುಚಿ. ಅದೇ ಬೇಕಿದ್ದರೆ ಧಾರಾಳವಾಗಿ ಮಾಡಿ, ಆದರೆ ಅಲ್ಲೂ ಟೊಮೆಟೊಗೆ ಮೊದಲೇ ಕಾಳು ಬೆಂದಿರಲಿ. ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದವರು ಕ್ರಿಸ್ಮಸ್ ಹೊತ್ತಿಗೆ ತೊಗರಿಕಾಳು ಹಾಕಿ ಅನ್ನ ಮಾಡುತ್ತಾರೆ. ನಮ್ಮಲ್ಲೂ ಚಳಿಗಾಲದಲ್ಲೇ ಹಸಿ ತೊಗರಿಕಾಯಿ ಬರುತ್ತದೆ. ಒಣಕಾಳಿನ ಕಾಟ ಸಾಕಾಗಿದ್ದರೆ ಅದನ್ನು ಸುಲಿದು ಮಾಡಿ ನೋಡಿ, ನೆನೆಸುವ ಕೆಲಸವೇ ಇಲ್ಲ.