ಹೊಸಬರ ಕೈಗೆ ಗಾಳ ಕೊಟ್ಟು ಯಾವ ನೀರಿಗೆ ಹೋಗುವುದು?

ಓದುಗರ ಪ್ರಶ್ನೆ, ಗಾಳದವರ ಉತ್ತರ

ಪ್ರಶ್ನೆ: ನಮ್ಮದು ಸಣ್ಣ ಹೋಮ್‌ಸ್ಟೇ. ಈ ವರ್ಷ ಫೈಬರ್ ದೋಣಿ ಮಾಡಿಸಿ 9.9 ಎಚ್‌ಪಿ ಎಂಜಿನ್ ಕೂರಿಸಿದ್ದೇನೆ. ಬೆಂಗಳೂರಿನಿಂದ ಬರುವವರು ಗಾಳ ಹಾಕಬೇಕು ಅನ್ನುತ್ತಾರೆ, ಆದರೆ ಹೆಚ್ಚಿನವರು ಗಾಳ ಮುಟ್ಟಿದವರೇ ಅಲ್ಲ. ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ? ದೊಡ್ಡ ಮೀನು ಬೀಳುವ ಜಾಗ ಇದ್ದರೆ ಹೇಳಿ.
– ಓದುಗರೊಬ್ಬರು, ಸಾಸ್ತಾನ

ಉತ್ತರ: ಆ ಕೊನೆಯ ಮಾತೊಂದನ್ನು ಬಿಟ್ಟುಬಿಡಿ ಮಾರಾಯ್ರೆ, ಉಳಿದದ್ದಕ್ಕೆ ಹೇಳುತ್ತೇನೆ.

ಮೂವತ್ತು ವರ್ಷ ಬೋಟಿನಲ್ಲಿ ದುಡಿದು, ಮೊಣಕಾಲು ಕೈಕೊಟ್ಟ ಮೇಲೆ ನಾನೂ ನಿಮ್ಮ ಹಾಗೆಯೇ ಸಣ್ಣ ದೋಣಿ ಇಟ್ಟೆ. ಮೊದಲ ವರ್ಷ ಒಂದು ಸಂಸಾರ ಬಂತು. ಗಂಡ, ಹೆಂಡತಿ, ಹತ್ತು ವರ್ಷದ ಹುಡುಗಿ. ನನ್ನ ಗುಟ್ಟಿನ ಜಾಗ ತೋರಿಸಿಯೇ ಬಿಡುವ ಹುರುಪು ನನಗೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಬಡಗು ಬದಿಯಲ್ಲಿ ಒಂದು ಮುಳುಗುಬಂಡೆ, ಮುರು ಮೀನು, ಕೆಂಬೇರಿ ಅಡಗುವ ಜಾಗ. ಬಂಡೆಗೆ ಬಡಿದ ಅಲೆ ತಿರುಗಿ ಬಂದು ಇನ್ನೊಂದು ಅಲೆಗೆ ಡಿಕ್ಕಿ ಹೊಡೆಯುವ ನೀರು ಅದು. ದೋಣಿ ತೊಟ್ಟಿಲಿನ ಹಾಗೆ ಅಲ್ಲ, ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಕುಣಿಯಿತು. ಅರ್ಧ ಗಂಟೆಯಲ್ಲಿ ಯಜಮಾನರು ಅಂಚಿಗೆ ಬಾಗಿ ಬೆಳಗ್ಗಿನ ಇಡ್ಲಿಯನ್ನೆಲ್ಲ ಕಡಲಿಗೆ ಒಪ್ಪಿಸಿದರು. ಹನ್ನೊಂದು ಗಾಳ ಬಂಡೆ ಕಚ್ಚಿ ಹರಿದವು. ಮೀನು ಸೊನ್ನೆ. ಹುಡುಗಿ ಮಾತ್ರ ಗಂಭೀರವಾಗಿ ಕೇಳಿದಳು, “ಅಜ್ಜ, ಇವತ್ತು ಮೀನಿಗೆ ರಜೆಯಾ?”

ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ದುಡ್ಡು ಬೇಡ ಬನ್ನಿ ಎಂದು ಕರೆದುಕೊಂಡು ಹೋದದ್ದು ಕೋಡಿಬೇಂಗ್ರೆಯ ಒಳಬದಿಗೆ. ಸೀತಾ, ಸುವರ್ಣಾ ಹೊಳೆಗಳು ಸೇರಿ ಕಡಲಿಗೆ ಬೀಳುವ ಮೊದಲು, ಮರಳು ದಿಣ್ಣೆಯ ಮರೆಯಲ್ಲಿ ಎರಡು ಮಾರು ನೀರು. ಗಾಳಕ್ಕೆ ಚಟ್ಲಿಯ (ಸೀಗಡಿಯ) ಸಣ್ಣ ತುಂಡು ಸಿಕ್ಕಿಸಿ ಹುಡುಗಿಯ ಕೈಗೆ ತಂಗೂಸಿ, ಅಂದರೆ ಗಾಳದ ನೈಲಾನ್ ದಾರ, ಕೊಟ್ಟೆ. ಹತ್ತು ನಿಮಿಷದಲ್ಲಿ ಒಂದು ಗೇಣುದ್ದದ ಕಾಣೆ ಮೀನು. ಅವಳು ಕಿರುಚಿದ ದನಿ ಹಂಗಾರಕಟ್ಟೆಯಲ್ಲಿ ದೋಣಿ ನಿಲ್ಲುವ ದಕ್ಕೆಗೂ ಕೇಳಿರಬೇಕು.

ಹೊಸಬರಿಗೆ ಕಾಣೆಯೇ ಸರಿ. ಮರಳು ತಳದ ಮೀನು, ದಡಕ್ಕೆ ಹತ್ತಿರ, ಗುಂಪಾಗಿ ಇರುತ್ತದೆ. ಟಕ್ ಟಕ್ ಎಂದು ಕಚ್ಚುವುದು ಬೆರಳಿಗೆ ಗೊತ್ತಾಗುತ್ತದೆ. ಬಾಯಿ ಸಣ್ಣದು, ಹಾಗಾಗಿ ಗಾಳವೂ ಸಣ್ಣದಿರಲಿ. ಅಲ್ಲೇ ಒಂದೊಂದು ಕೊಡ್ಡಾಯಿಯೂ ಬೀಳುತ್ತದೆ. ಮೇಲೆ ಎತ್ತಿದಾಗ ಹೊಟ್ಟೆಯೊಳಗಿನ ಗಾಳಿಚೀಲ ಅದುರಿಸಿ ಗುರ್ ಗುರ್ ಅನ್ನುವುದು ಮಕ್ಕಳಿಗೆ ದೊಡ್ಡ ತಮಾಷೆ.

ತಳ ಮರಳೋ ಕಲ್ಲೋ ತಿಳಿಯಲು ಯಂತ್ರ ಬೇಕಿಲ್ಲ. ಸೀಸದ ಗುಂಡಿನ ಅಡಿಗೆ ಬಟ್ಟೆ ಸೋಪು ಒತ್ತಿ ಇಳಿಸಿ, ತಳ ಮುಟ್ಟಿಸಿ ಎತ್ತಿ. ಮರಳು ಅಂಟಿ ಬಂದರೆ ಲಂಗರು ಬಿಡಿ, ಬರೀ ಗೀರು ಬಂದರೆ ಕಲ್ಲು, ಮುಂದೆ ಹೋಗಿ. ಒಳ್ಳೆಯ ಜಾಗ ಸಿಕ್ಕಿದರೆ ದಡದ ಗುರ್ತ ಹೊಂದಿಸಿಕೊಳ್ಳಿ. ಒಂದು ತೆಂಗಿನ ಮರದ ಹಿಂದೆ ಒಂದು ನೀರಿನ ಟ್ಯಾಂಕಿ, ಇನ್ನೊಂದು ದಿಕ್ಕಿನಲ್ಲಿ ಅಂಥದೇ ಇನ್ನೊಂದು ಜೋಡಿ. ಎರಡು ಗೆರೆ ಕೂಡಿದಲ್ಲಿ ನಿಮ್ಮ ಜಾಗ. ಮೊಬೈಲಿನಲ್ಲಿ ಗುರುತು ಹಾಕಿಕೊಂಡರೂ ಇದು ಬೇಕು, ಬ್ಯಾಟರಿಯನ್ನು ನಾನು ನಂಬುವುದಿಲ್ಲ.

ಇನ್ನು ನೀರು. ದಿನಕ್ಕೆ ಎರಡು ಏರು, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಸೆಳೆತ ಜೋರು, ಹೊಸಬರ ದಾರಗಳೆಲ್ಲ ಹೆಣೆದು ಜಡೆಯಾಗುತ್ತವೆ. ಅಷ್ಟಮಿಯ ಹತ್ತಿರದ ದಿನ ಆರಿಸಿ, ಏರು ನೀರಿನ ಕೊನೆಯ ಎರಡು ಗಂಟೆ ಹಿಡಿಯಿರಿ. ದಕ್ಕೆಯಿಂದ ಕಾಲು ಗಂಟೆಗಿಂತ ದೂರದ ಜಾಗ ಬೇಡ. ಹೆಂಗಸರು, ಮಕ್ಕಳು ಇರುತ್ತಾರೆ, ಶೌಚಕ್ಕೆ ದಡ ಹತ್ತಿರ ಇರಬೇಕಲ್ಲ? ಇದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ನೀವೇ ಯೋಚಿಸಬೇಕು.

ಹೊಳೆ ಕಡಲು ಸೇರುವ ಅಳಿವೆ ದಾಟಿ ಹೊರಗೆ ಹೋಗಲೇಬೇಕೆಂದಿದ್ದರೆ ಒಂದು ಮಾತು. ಇಳಿತದ ಹೊತ್ತಿಗೆ ಅಳಿವೆಯಲ್ಲಿ ಇರಬೇಡಿ. ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಕಡಲಿನ ಅಲೆ ಒಳಗೆ ಬರುತ್ತದೆ. ಕೆಳಗೆ ಮರಳು ದಿಬ್ಬ. ಎದುರು ಸೆಳೆತಕ್ಕೆ ಸಿಕ್ಕಿದ ಅಲೆ ಒತ್ತೊತ್ತಾಗಿ, ಕಡಿದಾಗಿ ಎದ್ದು ಅಲ್ಲೇ ಒಡೆಯುತ್ತದೆ. ಹೊರಗೆ ಕಡಲು ಎಣ್ಣೆಯ ಹಾಗಿದ್ದರೂ ಅಳಿವೆಯಲ್ಲಿ ದೋಣಿ ಮಗುಚುವುದು ಇದರಿಂದ.

ಗಾಳಿಯದ್ದು ಇನ್ನೊಂದು ಲೆಕ್ಕ. ಅಕ್ಟೋಬರಿನಿಂದ ಫೆಬ್ರವರಿವರೆಗೆ ಬೆಳಗ್ಗೆ ಮೂಡಣ ಗಾಳಿ, ದಡದ ಹತ್ತಿರ ನೀರು ಕನ್ನಡಿ. ಎಲ್ಲರೂ ಇದನ್ನು ಹೊಗಳುತ್ತಾರೆ. ಆದರೆ ಎಂಜಿನ್ ನಿಂತರೆ ಅದೇ ಗಾಳಿ ನಿಮ್ಮನ್ನು ಪಡುವಣಕ್ಕೆ, ಹೊರಗೆ ತಳ್ಳುತ್ತದೆ. ಆದ್ದರಿಂದ ಎರಡು ಹುಟ್ಟು, ಒಂದು ಲಂಗರು, ಆಳದ ಐದು ಪಟ್ಟಾದರೂ ಹಗ್ಗ. ಲಂಗರು ಯಾವತ್ತೂ ಮುಂದಿನ ತುದಿಯಿಂದಲೇ. ಹಿಂದಿನಿಂದ ಕಟ್ಟಿದರೆ ಎಂಜಿನ್ ಭಾರಕ್ಕೆ ಮೊದಲೇ ತಗ್ಗಿದ ಜಾಗಕ್ಕೆ ಅಲೆ ಏರುತ್ತದೆ. ಹನ್ನೊಂದು ಗಂಟೆಯ ಹೊತ್ತಿಗೆ ಪಡು ಗಾಳಿ ಎದ್ದೀತು, ಅಷ್ಟರಲ್ಲಿ ದಕ್ಕೆಯಲ್ಲಿರಿ. ಲೈಫ್ ಜಾಕೆಟ್ ತಲೆಗೊಂದು, ಮೈಮೇಲೆ, ಸೀಟಿನ ಕೆಳಗಲ್ಲ. ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡಿನ 1554, ಎರಡನ್ನೂ ದೋಣಿಯ ಒಳಬದಿಗೆ ಪೇಂಟಿನಲ್ಲಿ ಬರೆಸಿ. ಜನ ಕೂರಿಸಿ ದುಡ್ಡು ತೆಗೆದುಕೊಳ್ಳುವ ಮೊದಲು ಪರವಾನಗಿಯ ವಿಚಾರ ಬಂದರು ಕಚೇರಿಯಲ್ಲಿ ಕೇಳಿಕೊಳ್ಳಿ.

ಪ್ರಶ್ನೆ: ಏಪ್ರಿಲ್ ರಜೆಯಲ್ಲಿ ಮಕ್ಕಳನ್ನು ಕರೆತರುತ್ತೇವೆ. ಆಗ ಮಳೆಯೂ ಇಲ್ಲ, ಗಾಳಿಯೂ ಇಲ್ಲ. ಹೊರಗಿನ ಕಡಲಿಗೆ ಹೋಗಬಹುದಲ್ಲ?
– ಮೈಸೂರಿನಿಂದ ಒಬ್ಬ ತಾಯಿ

ಉತ್ತರ: ಹೋಗಬಹುದು ಅಮ್ಮ, ಆದರೆ ಆಕಾಶ ನೋಡಿ ತೀರ್ಮಾನ ಮಾಡಬೇಡಿ. ದಕ್ಷಿಣದಲ್ಲಿ, ಸಾವಿರಾರು ಕಿಲೋಮೀಟರ್ ದೂರದ ಹಿಂದೂ ಮಹಾಸಾಗರದಲ್ಲಿ ಎದ್ದ ಅಲೆ ದಿನಗಟ್ಟಲೆ ನಡೆದು ನಮ್ಮ ದಡಕ್ಕೆ ಬರುವುದುಂಟು. ಇಲ್ಲಿ ಎಲೆಯೂ ಅಲುಗುವುದಿಲ್ಲ, ಕಡಲು ಉಕ್ಕಿ ನಿಂತಿರುತ್ತದೆ. ಕೇರಳದವರು ಇದಕ್ಕೆ ಕಳ್ಳ ಕಡಲು ಅನ್ನುತ್ತಾರೆ. ಹೆಸರಿಟ್ಟವನ ಬಾಯಿಗೆ ಸಕ್ಕರೆ ಹಾಕಬೇಕು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮುನ್ಸೂಚನೆ ಕೊಡುತ್ತದೆ, ಹೊರಡುವ ಹಿಂದಿನ ದಿನ ನೋಡಿಸಿ. ಎಚ್ಚರಿಕೆ ಇದ್ದರೆ ಹೊಳೆಯೊಳಗೇ ಇರಿ.

ಪ್ರಶ್ನೆ: ಟೂರಿಸ್ಟ್ ದೋಣಿಗಳಿಂದ ನಮ್ಮ ಬಲೆ ಹಾಳಾಗುತ್ತಿದೆ. ನೀವು ಅವರಿಗೆ ಜಾಗ ಬೇರೆ ತೋರಿಸಿಕೊಡುತ್ತೀರಲ್ಲ?
– ಗಂಗೊಳ್ಳಿಯ ಮೀನುಗಾರರು

ಉತ್ತರ: ನಿಮ್ಮ ಸಿಟ್ಟು ನ್ಯಾಯದ್ದೇ. ಸಾಸ್ತಾನದವರೇ, ಇದು ನಿಮಗೂ. ಥರ್ಮೋಕೋಲ್ ತೇಲು ಕಂಡರೆ ಅದರಡಿ ಯಾರದ್ದೋ ಅನ್ನ ಇದೆ, ಸುತ್ತುಹಾಕಿ ಹೋಗಿ. ಮೀನು ಸಾಕುವ ಪಂಜರಗಳ ಹತ್ತಿರ ಲಂಗರು ಬೇಡ. ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುತ್ತಿದ್ದರೆ ಆ ಬದಿಗೆ ಎಂಜಿನ್ ಶಬ್ದವನ್ನೂ ಒಯ್ಯಬೇಡಿ. ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿನಲ್ಲಿ ಕೆಂಬೇರಿ ಇರುವುದು ನಿಜ, ಆದರೆ ಹೊಸಬರು ಅಲ್ಲಿ ಮೀನಿಗಿಂತ ಬೇರನ್ನೇ ಹೆಚ್ಚು ಹಿಡಿಯುತ್ತಾರೆ. ತಂಗೂಸಿ ಹರಿದರೆ ಅದು ಅಲ್ಲೇ ಉಳಿದು ಹಕ್ಕಿ ಕಾಲಿಗೆ ಸುತ್ತುತ್ತದೆ.

ಪ್ರಶ್ನೆ: ನಾವೇ ಹಿಡಿದ ಮೀನನ್ನು ನಾವೇ ಅಡುಗೆ ಮಾಡಿ ತಿನ್ನಬಹುದೇ?
– ಬೆಂಗಳೂರಿನ ವಿದ್ಯಾರ್ಥಿಗಳು

ಉತ್ತರ: ಕಾಣೆಯಾದರೆ ಕೇಳುವುದೇ ಬೇಡ, ಮೆಣಸು ಹುಳಿ ಸವರಿ, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿ. ಹೊಟ್ಟೆ ಚೆಂಡಿನ ಹಾಗೆ ಊದಿಸಿಕೊಳ್ಳುವ ಮೀನು ಬಂದರೆ ಮಾತ್ರ ಬೇಯಿಸಿದರೂ ಹೋಗದ ವಿಷ ಅದರಲ್ಲಿ, ನೀರಿಗೆ ಬಿಡಿ. ಮೀಸೆಯ ತೇಡೆ ಬಿದ್ದರೆ ಕೈ ಹಾಕಬೇಡಿ, ಬೆನ್ನಿನದ್ದೊಂದು, ಪಕ್ಕದವೆರಡು ಮುಳ್ಳು ಗರಗಸದ ಹಾಗಿವೆ. ಇಕ್ಕಳದಿಂದ ಗಾಳ ಬಿಡಿಸಿ. ಚುಚ್ಚಿದರೆ ಕೈ ತಾಳುವಷ್ಟು ಬಿಸಿ ನೀರಿನಲ್ಲಿ ಅದ್ದಿಡಿ, ನೋವು ಇಳಿಯುತ್ತದೆ, ಆಮೇಲೆ ವೈದ್ಯರಿಗೆ ತೋರಿಸಿ. ನಾನು ದೋಣಿಯಲ್ಲಿ ಚಹಾದ ಫ್ಲಾಸ್ಕಿನ ಜೊತೆ ಬಿಸಿ ನೀರಿನದ್ದೂ ಒಂದು ಇಡುವುದು ಅದಕ್ಕೇ. ಚಹಾ ಬೇಗ ಖಾಲಿಯಾಗುತ್ತದೆ.