‘ಗದ್ದಲದ ನಡುವೆ ಸಂದೇಶ’: ನಿಮ್ಮ ಲೇಖನದ ಕುರಿತು

ಮಾನ್ಯರೇ,

ಗದ್ದಲವಿರುವ ಚಾನೆಲ್‌ಗಳಲ್ಲಿ, ಅಂದರೆ ಸಂಕೇತವನ್ನು ಕೆಡಿಸುವ ಅಡಚಣೆಗಳಿರುವ ತಂತಿ, ರೇಡಿಯೊದಂಥ ಸಂವಹನ ಮಾರ್ಗಗಳಲ್ಲಿ, ಮಾಹಿತಿಯನ್ನು ಸುರಕ್ಷಿತವಾಗಿ ಸಾಗಿಸುವ ವಿಧಾನಗಳ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ. ನಿಮ್ಮ ಗದ್ಯ ಸರಾಗವಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ 1948ರಲ್ಲಿ ಮಾಹಿತಿ ಸಿದ್ಧಾಂತಕ್ಕೆ ಬುನಾದಿ ಹಾಕಿದ ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ಸಾಧಿಸಿ ತೋರಿಸಿದ್ದೇನು ಎಂಬ ಮುಖ್ಯ ಸಂಗತಿಯೇ ಲೇಖನದಲ್ಲಿ ತಲೆಕೆಳಗಾಗಿದೆ.

ತಪ್ಪುಗಳು ಕಡಿಮೆಯಾಗಬೇಕಾದರೆ ವೇಗವನ್ನು ತಗ್ಗಿಸುತ್ತಲೇ ಹೋಗಬೇಕು, ಶಾನನ್ ಅದಕ್ಕೊಂದು ಸೂತ್ರ ಕೊಟ್ಟರು ಎಂದು ನೀವು ಬರೆದಿದ್ದೀರಿ. ಶಾನನ್‌ಗಿಂತ ಮೊದಲಿನ ಎಂಜಿನಿಯರುಗಳು ನಂಬಿದ್ದುದು ಅದನ್ನೇ. ಆ ನಂಬಿಕೆಯನ್ನು ಕೆಡವಿದ್ದೇ ಅವರ ಹೆಗ್ಗಳಿಕೆ. ಪ್ರತಿಯೊಂದು ಚಾನೆಲ್‌ಗೂ ಒಂದು ಸಾಮರ್ಥ್ಯದ ಮಿತಿ ಇರುತ್ತದೆ. ಆ ಮಿತಿಗಿಂತ ಕೆಳಗಿನ ಯಾವುದೇ ವೇಗವನ್ನು ಆರಿಸಿಕೊಂಡರೂ, ಅದನ್ನು ಮತ್ತೆ ತಗ್ಗಿಸದೆಯೇ, ತಪ್ಪಿನ ಸಂಭವನೀಯತೆಯನ್ನು ಬೇಕಾದಷ್ಟು ಕುಗ್ಗಿಸಲು ಸಾಧ್ಯ. ಮಿತಿಯನ್ನು ಮೀರಿದರೆ ಮಾತ್ರ ಯಾವ ಜಾಣ್ಮೆಯೂ ಕೆಲಸಕ್ಕೆ ಬಾರದು. ಇದಕ್ಕಾಗಿ ಬಿಟ್‌ಗಳನ್ನು (ಸಂದೇಶದ 0, 1 ಅಂಕಿಗಳನ್ನು) ದೊಡ್ಡ ದೊಡ್ಡ ಕಂತುಗಳಾಗಿ ಒಟ್ಟಿಗೆ ಕೋಡ್ ಮಾಡಬೇಕಾಗುತ್ತದೆ, ಅಂದರೆ ತಪ್ಪು ಪತ್ತೆಹಚ್ಚಿ ತಿದ್ದಲು ನೆರವಾಗುವ ಹೆಚ್ಚುವರಿ ಬಿಟ್‌ಗಳೊಂದಿಗೆ ಹೆಣೆಯಬೇಕಾಗುತ್ತದೆ, ಹಾಗಾಗಿ ವಿಳಂಬವೂ ಲೆಕ್ಕಾಚಾರದ ಹೊರೆಯೂ ಹೆಚ್ಚುತ್ತವೆ.

ಇದನ್ನು ತೋರಿಸಲು ಬೇಕಾದ ಸಾಮಗ್ರಿ ನಿಮ್ಮ ಕೋಷ್ಟಕದಲ್ಲೇ ಇದೆ. ನೂರಕ್ಕೆ ಹತ್ತು ಬಿಟ್‌ಗಳು ತಿರುಗುಮುರುಗಾಗುವ (0 ಇದ್ದದ್ದು 1, 1 ಇದ್ದದ್ದು 0 ಆಗುವ) ಚಾನೆಲ್‌ನಲ್ಲಿ ಪ್ರತಿ ಬಿಟ್ಟನ್ನೂ ಮೂರು ಸಲ ಕಳುಹಿಸಿ ಬಹುಮತ ನೋಡಿದರೆ ತಪ್ಪು ಶೇ 2.8ಕ್ಕೆ ಇಳಿಯುತ್ತದೆ, ಐದು ಸಲ ಕಳುಹಿಸಿದರೆ ಸುಮಾರು ಶೇ 0.86ಕ್ಕೆ, ಆದರೆ ವೇಗ ಮೂರನೇ ಒಂದಕ್ಕೆ, ಆಮೇಲೆ ಐದನೇ ಒಂದಕ್ಕೆ ಕುಸಿಯುತ್ತದೆ. ಇಲ್ಲಿಗೇ ನೀವು ನಿಲ್ಲಿಸಿದ್ದೀರಿ. ಅದೇ ಚಾನೆಲ್‌ನ ಸಾಮರ್ಥ್ಯ ಕಳುಹಿಸಿದ ಬಿಟ್ಟೊಂದಕ್ಕೆ ಸುಮಾರು 0.53 ಬಿಟ್ ಮಾಹಿತಿ ಎಂಬ ಅಂಕಿಯನ್ನು ಪಕ್ಕದಲ್ಲಿ ಬರೆದು ನೋಡಿ. ಸಾವಿರ ಬಿಟ್‌ ಕಳುಹಿಸಿ ಐನೂರು ಬಿಟ್‌ ಮಾಹಿತಿಯನ್ನು ಹೆಚ್ಚುಕಡಿಮೆ ನಿರ್ದೋಷವಾಗಿ ತಲುಪಿಸುವುದು ತಾತ್ವಿಕವಾಗಿ ಸಾಧ್ಯವಿರುವಾಗ, ಪುನರಾವರ್ತನೆ ಎಷ್ಟು ದುಂದುವೆಚ್ಚದ ದಾರಿ ಎಂಬುದು ಓದುಗರಿಗೆ ತಾನಾಗಿಯೇ ಹೊಳೆಯುತ್ತದೆ.

ಪ್ರಸಾರದ ಶಕ್ತಿಯನ್ನು ದುಪ್ಪಟ್ಟು ಮಾಡಿದರೆ ಸಾಮರ್ಥ್ಯವೂ ದುಪ್ಪಟ್ಟಾಗುತ್ತದೆ ಎಂಬ ವಾಕ್ಯವನ್ನು ದಯವಿಟ್ಟು ತೆಗೆದುಹಾಕಿ. 3000 ಹರ್ಟ್ಸ್ ಅಗಲದ ಆವರ್ತನ ಪಟ್ಟಿಯಿರುವ ದೂರವಾಣಿ ತಂತಿಯಲ್ಲಿ ಸಂಕೇತದ ಶಕ್ತಿ ಗದ್ದಲದ ಸಾವಿರ ಪಟ್ಟು ಇದ್ದರೆ, ಮಿತಿ ಸೆಕೆಂಡಿಗೆ ಸುಮಾರು 29,900 ಬಿಟ್. ಶಕ್ತಿಯನ್ನು ಎರಡರಷ್ಟು ಮಾಡಿದಾಗ ಅದು ಏರುವುದು ಸುಮಾರು 32,900ರವರೆಗೆ ಮಾತ್ರ. ಸಾಮರ್ಥ್ಯದ ಸೂತ್ರದಲ್ಲಿ ಲಾಗರಿದಮ್ ಇದೆ (ಹಾಗಾಗಿ ಶಕ್ತಿ ದುಪ್ಪಟ್ಟಾದರೂ ಸಾಮರ್ಥ್ಯ ಸ್ವಲ್ಪವೇ ಏರುತ್ತದೆ) ಎಂದು ನೀವೇ ಹಿಂದಿನ ಪುಟದಲ್ಲಿ ಬರೆದಿದ್ದೀರಿ.

ಶಾನನ್ ‘ಕೋಡ್‌ಗಳನ್ನು ರೂಪಿಸಿಕೊಟ್ಟರು’ ಎಂಬ ಮಾತೂ ಸರಿಯಲ್ಲ. ಯಾದೃಚ್ಛಿಕವಾಗಿ ಆಯ್ದ ಕೋಡ್‌ಗಳ ಸರಾಸರಿ ತಪ್ಪನ್ನು ಲೆಕ್ಕ ಹಾಕಿ, ಅದು ಅಷ್ಟು ಚಿಕ್ಕದಾಗಿದ್ದರೆ ಅವುಗಳಲ್ಲಿ ಒಂದಾದರೂ ಒಳ್ಳೆಯದಿರಲೇಬೇಕು ಎಂದು ಅವರು ವಾದಿಸಿದರು. ಆ ಒಂದು ಯಾವುದು ಎಂದು ಹೇಳಲಿಲ್ಲ. ಕಥೆಯ ಸ್ವಾರಸ್ಯವೆಲ್ಲ ಈ ಅಂತರದಲ್ಲಿದೆ. 1950ರಲ್ಲಿ ರಿಚರ್ಡ್ ಹ್ಯಾಮಿಂಗ್ ನಾಲ್ಕು ಬಿಟ್‌ಗಳಿಗೆ ಮೂರು ತಪಾಸಣಾ ಬಿಟ್‌ಗಳನ್ನು ಸೇರಿಸಿದ ಕೋಡನ್ನು ಪ್ರಕಟಿಸಿದರು: ಮೂರು ತಪಾಸಣೆಗಳಲ್ಲಿ ಯಾವ ಯಾವುದು ವಿಫಲವಾಯಿತು ಎಂಬುದರಿಂದಲೇ, ಏಳರಲ್ಲಿ ಒಂದೇ ಬಿಟ್ ಕೆಟ್ಟಿದ್ದರೆ ಅದು ಯಾವುದೆಂದು ಗೊತ್ತಾಗುತ್ತದೆ. ಅಚ್ಚುಕಟ್ಟಾದ ಉಪಾಯವೇನೋ ಹೌದು, ಆದರೆ ಶಾನನ್ ಮಿತಿಯಿಂದ ಬಹಳ ದೂರ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಗ್ಯಾಲಗರ್ 1960ರ ದಶಕದ ಆರಂಭದಲ್ಲೇ ಎಲ್‌ಡಿಪಿಸಿ ಕೋಡ್‌ಗಳನ್ನು (ಪ್ರತಿ ತಪಾಸಣೆಯೂ ಕೆಲವೇ ಬಿಟ್‌ಗಳನ್ನು ನೋಡುವಂಥ ಉದ್ದನೆಯ ಕೋಡ್‌ಗಳನ್ನು) ಕಂಡುಹಿಡಿದಿದ್ದರು. ಅಂದಿನ ಕಂಪ್ಯೂಟರುಗಳಿಗೆ ಅವು ಭಾರವಾಗಿದ್ದರಿಂದ ಮೂಲೆಗೆ ಬಿದ್ದವು. 1993ರಲ್ಲಿ ಜಿನೀವಾದ ಸಮ್ಮೇಳನದಲ್ಲಿ ಬೆರೂ, ಗ್ಲಾವಿಯೂ ಮತ್ತು ತಿತಿಮಜ್ಷಿಮಾ ಟರ್ಬೊ ಕೋಡ್ ಎಂಬ ಹೊಸ ಬಗೆಯ ಕೋಡ್‌ಗಳನ್ನು ಮಂಡಿಸಿ, ಮಿತಿಯ 0.7 ಡೆಸಿಬಲ್ (ಶಕ್ತಿಯ ಅನುಪಾತದ ಅಳತೆ) ಸಮೀಪಕ್ಕೆ ಬಂದಿದ್ದೇವೆ ಎಂದಾಗ ತಜ್ಞರಲ್ಲೇ ಅನೇಕರು ನಂಬಲಿಲ್ಲ. ಅದಾದ ಮೇಲೆಯೇ ಗ್ಯಾಲಗರ್ ಅವರ ಕೋಡ್‌ಗಳಿಗೆ ಮರುಜೀವ ಬಂದಿತು. ಇಂದು 5ಜಿ ಮೊಬೈಲ್ ಜಾಲದ ದತ್ತಾಂಶ ಸಾಗುವುದು ಅವುಗಳ ಮೇಲೆ, ಫೋನಿಗೂ ಜಾಲಕ್ಕೂ ನಡುವಿನ ನಿಯಂತ್ರಣ ಸಂದೇಶಗಳು ಸಾಗುವುದು ಟರ್ಕಿಯ ಎರ್ದಾಲ್ ಅರಿಕಾನ್ ರೂಪಿಸಿದ ಪೋಲಾರ್ ಕೋಡ್‌ಗಳ ಮೇಲೆ.

ಈ ನಲವತ್ತೈದು ವರ್ಷಗಳ ಹುಡುಕಾಟಕ್ಕೆ ನೀವು ಒಂದು ಪ್ಯಾರಾ ಕೊಟ್ಟಿದ್ದೀರಿ. ಸಂತೆಯಲ್ಲಿ ಕೂಗಿ ಮಾತನಾಡುವವರ ಹೋಲಿಕೆಗೆ ಮೂರು ಪುಟ. ಕೂಗುವುದೆಂದರೆ ಶಕ್ತಿ ಹೆಚ್ಚಿಸುವುದಷ್ಟೇ ಆದ್ದರಿಂದ, ಕೋಡಿಂಗ್ ಏನೆಂಬುದನ್ನು ಆ ಹೋಲಿಕೆ ಮುಟ್ಟುವುದೇ ಇಲ್ಲ. ಅದರ ಬದಲು, ನೀವು ಕೊನೆಯಲ್ಲಿ ಅಡಗಿಸಿಟ್ಟಿರುವ ಅಂಗಡಿ ಕೌಂಟರಿನ ಕ್ಯುಆರ್ ಕೋಡಿನಿಂದಲೇ ಲೇಖನವನ್ನು ಆರಂಭಿಸಿ. ಸ್ಟಿಕ್ಕರಿನ ನಡುವೆ ಲೋಗೊ ಕೂತಿದ್ದರೂ ಅಂಚು ಹರಿದಿದ್ದರೂ ಅದು ಸ್ಕ್ಯಾನ್ ಆಗುತ್ತದೆ. ಅದಕ್ಕೆ ಕಾರಣ ನೀವು ಹೇಳಿದಂತೆ ದತ್ತಾಂಶದ ‘ಹಲವು ಪ್ರತಿಗಳು’ ಅಲ್ಲ. 1960ರ ರೀಡ್–ಸಾಲಮನ್ ಎಂಬ ತಪ್ಪು ತಿದ್ದುವ ಕೋಡ್. ಅತಿ ಹೆಚ್ಚಿನ ರಕ್ಷಣೆಯ ಹಂತವನ್ನು ಆರಿಸಿಕೊಂಡಿದ್ದರೆ ಸುಮಾರು ಶೇ 30ರಷ್ಟು ಭಾಗ ಹಾಳಾದರೂ ಅದು ಮಾಹಿತಿಯನ್ನು ಮರಳಿ ಕಟ್ಟಿಕೊಡಬಲ್ಲದು.

ಇಷ್ಟನ್ನು ತಿದ್ದಿ, ಹ್ಯಾಮಿಂಗ್ ಕೋಡಿನ ಒಂದು ಉದಾಹರಣೆಯನ್ನು ಬಿಟ್ ಬಿಟ್ಟಾಗಿ ಬಿಡಿಸಿ ತೋರಿಸಿ, ಈಗಿನ ಅರ್ಧದಷ್ಟು ಉದ್ದದಲ್ಲಿ ಮತ್ತೆ ಬರೆದು ಕಳುಹಿಸಿದರೆ ಖಂಡಿತ ಓದುತ್ತೇನೆ.

ಇತಿ,
ಸಂಪಾದಕ